ಸಾಕಮ್ಮ, ಲೆವೆಲ್ ಒಂಬತ್ತು

ಮೊದಲು ಹೆಸರು ಕೇಳಿತು.
ಚಂದ್ರಿಕೆ ಅಂತ ಬರೆದೆ. ಆಗಲೇ ಯಾರೋ ಇಟ್ಟುಕೊಂಡಿದ್ದಾರೆ ಅಂದಿತು.
ರಣಧೀರೆ. ಇದ್ದಾಳೆ.
ಕಾವೇರಿ. ಬೇಕಾದಷ್ಟು ಜನ ಇದ್ದಾರೆ,
ಮುಂದೊಂದು ಅಂಕಿ ಸೇರಿಸು ಅಂದಿತು.
ಅಂಕಿ ಬೇಡ, ಪಾಳಿಯುದ್ದಕ್ಕೂ ಬರೆಯೋದು ಅದನ್ನೇ.
ಕೊನೆಗೆ ನನ್ನದೇ ಹೆಸರು ಹಾಕಿದೆ.
ಸಾಕಮ್ಮ.
ಖಾಲಿ ಇತ್ತು.
ನಾಲ್ಕನೇ ಹೆಣ್ಣೂ ಹುಟ್ಟಿದಾಗ
ಇನ್ನು ಸಾಕು ಅಂತ ಇಟ್ಟದ್ದು,
ಇಡೀ ಲೋಕದಲ್ಲಿ ಇನ್ಯಾರಿಗೂ ಬೇಕಿರಲಿಲ್ಲ.

ಮಂಡ್ಯ. ಸಕ್ಕರೆ ಕಾರ್ಖಾನೆಯ ತೂಕದ ಮನೆ, ಎರಡನೇ ಗೇಟು,
ರಾತ್ರಿ ಪಾಳಿ. ಕಬ್ಬಿನ ಟ್ರ್ಯಾಕ್ಟರುಗಳು
ರೈಲ್ವೆ ಗೇಟಿನ ತನಕ ಸಾಲು.
ಒಂದು ಬಂದು, ಹತ್ತಿ, ನಿಂತು, ಇಳಿದು ಹೋಗಲು ಆರು ನಿಮಿಷ.
ಆ ಆರು ನಿಮಿಷದ ಸಂದಿಯಲ್ಲಿ ನನ್ನ ಕಾಡು.

ಕಲಿಸಿದವನು ಕೆರಗೋಡಿನ ಕಡೆಯ ಕ್ಲೀನರ್ ಹುಡುಗ, ಮಾದೇಶ.
'ಅಕ್ಕೋ, ಸುಮ್ನೆ ಕುಂತ್ಕಂಡು ಆಕಳಿಸ್ತೀಯಲ್ಲ,
ಕೊಡಿಲ್ಲಿ ಫೋನು' ಅಂದ.
ಯೋಧ, ಬಿಲ್ಲುಗಾರ, ಮಾಟಗಾತಿ, ಗಾಯ ಮಾಯಿಸುವವಳು,
ಯಾರಾಯ್ತೀಯ ಅಂದ.
ಮಾಯಿಸೋಳು ಅಂದೆ. ನಕ್ಕ.
'ಅದು ಭಾಳ ನಿಧಾನ ಮೇಲೇಳ್ತದೆ ಕಣಕ್ಕ,
ಬೇರೆಯೋರು ಬದುಕುದ್ರೇ ನಿಂಗೆ ಪಾಯಿಂಟು.'
ನಿಧಾನ ನನಗೆ ಹೊಸತಲ್ಲ.
ಹಂಗಾಮಿ ಅಂತ ಸೇರಿ ಹದಿನೇಳು ಹಂಗಾಮು ಕಳೆಯಿತು.

ಮೊದಲ ಕೆಲಸ, ಹತ್ತು ಹಂದಿ ಕೊಲ್ಲು.
ನಮ್ಮಪ್ಪ ಒಂದು ಹಂದಿ ಓಡಿಸಲು
ರಾತ್ರಿಯೆಲ್ಲ ಗದ್ದೆ ಬದುವಲ್ಲಿ ತಗಡು ಬಡಿದವನು.
ಇಲ್ಲಿ ಹಂದಿಗೆ ಹಸಿರು ಕಣ್ಣು, ಬೆನ್ನ ಮೇಲೆ ಅಣಬೆ,
ಸತ್ತರೆ ಎರಡು ತಾಮ್ರದ ಕಾಸು, ಒಂದು ತುಂಡು ತೊಗಲು.
ಮೂರನೆಯದು ನನ್ನನ್ನೇ ಕೊಂದಿತು.
ಪರದೆಯೆಲ್ಲ ಬೂದಿ.
ಸತ್ತ ಮೇಲೆ, ನನ್ನದೇ ಹೆಣದ ಬಳಿಗೆ
ನಾನೇ ನಡೆದು ಹೋಗಬೇಕಂತೆ.
ಹೋಗುತ್ತಿದ್ದೆ. ಹಾರನ್ನು.
'ಯಾರಮ್ಮ ಒಳಗೆ, ಸತ್ತೋದ್ಯಾ?'
ಹೂಂ ಅಂದೆ.
ಹದಿನಾಲ್ಕು ಟನ್, ಇನ್ನೂರ ನಲವತ್ತು ಕೆಜಿ ಅಂತ ಬರೆದೆ.

ಮೂರು ವಾರಕ್ಕೆ ಬೆರಳಿಗೆ ಬುದ್ಧಿ ಬಂತು.
ಮಂತ್ರ ಹಾಕಿ ನಾಲ್ಕು ಎಣಿಸಬೇಕು, ಆಮೇಲೇ ಮತ್ತೊಂದು.
ನೀರು ಕುಡಿದರೆ ನೀಲಿ ಗೆರೆ ತುಂಬುತ್ತದೆ.
ಓಡುವವರ ಹಿಂದೆ ಓಡಬಾರದು,
ಏಟು ತಿನ್ನುತ್ತಾ ನಿಂತವನ ಹಿಂದೆ ನಿಲ್ಲಬೇಕು.
ಕಬ್ಬಿನ ಜಲ್ಲೆ ಸಿಗಿಯುತ್ತಾ,
ರಸ ಮೊಣಕೈಗೆ ಇಳಿಯುತ್ತಾ ಹೇಳಿದ ಪಾಠ.

ನಿನ್ನೆ ರಾತ್ರಿ, ಮೂರೂ ಹತ್ತು.
ಗುಹೆಯಲ್ಲಿ ನಾವು ಐವರು. ಎದುರಿಗೆ ಕಲ್ಲಿನ ಕಪ್ಪೆ,
ಬಸ್ಸಿನಷ್ಟು.
ಇಬ್ಬರು ಎಲ್ಲಿಯವರೋ, ಒಬ್ಬ ಹಾಸನದವನಂತೆ,
ಗುರಾಣಿ ಹಿಡಿದು ಮುಂದೆ ನಿಂತವನು ಮಾದೇಶ.
ಅದೇ ಹೊತ್ತಿಗೆ ತೂಕದ ಹಾಸು ಕಿರ್ರೆಂದಿತು.
ಕಿಟಕಿಯಾಚೆ ಅವನದೇ ಟ್ರ್ಯಾಕ್ಟರು.
ಕಬ್ಬಿನ ತುತ್ತತುದಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದಾನೆ,
ಮುಖಕ್ಕೆ ಫೋನಿನ ಬೆಳಕು.
ತೂಗುವಾಗ ಮೇಲೆ ಯಾರೂ ಇರಕೂಡದು.
ಇಳಿಯೋ ಕೆಳಗೆ ಅಂತ ಹದಿನೇಳು ಹಂಗಾಮು ಕೂಗಿದ ಬಾಯಿ
ತೆರೆಯಿತು, ಮುಚ್ಚಿತು.
ಇಳಿದರೆ ಗುರಾಣಿ ಜಾರುತ್ತದೆ.
ಅವನ ಕೆಂಪು ಗೆರೆ ಕೂದಲೆಳೆಯಷ್ಟು ಉಳಿದಿತ್ತು.
ಮಂತ್ರ ಹಾಕಿದೆ. ನಾಲ್ಕು ಎಣಿಸಿದೆ.
ಡ್ರೈವರ್ ಜವರಣ್ಣ ಹಾರನ್ನಿನ ಮೇಲಿಂದ ಕೈ ತೆಗೆಯಲಿಲ್ಲ,
ಹಿಂದಿನ ಇಪ್ಪತ್ತು ಟ್ರ್ಯಾಕ್ಟರೂ ದನಿಗೂಡಿಸಿದವು.
ಮತ್ತೊಂದು ಮಂತ್ರ.

ಕಪ್ಪೆ ಒಡೆದು ಜಲ್ಲಿಯಾಯಿತು.
ನನ್ನ ಸುತ್ತ ಹಳದಿ ಬೆಳಕಿನ ಸುರುಳಿ, ಗಂಟೆ ಸದ್ದು,
ಸಾಕಮ್ಮ, ಲೆವೆಲ್ ಒಂಬತ್ತು.
ಮೇಲಿಂದ ಅವನ ಕೇಕೆ.
ಅಂಕಿ ಅದುರಿ ಅದುರಿ ನಿಂತಿತು, ಬರೆದುಕೊಂಡೆ.
ಕಬ್ಬಿನ ಜೊತೆ ಅವನೂ ಸೇರಿದ್ದ,
ಐವತ್ತು ಕೆಜಿ ಇರಬಹುದು, ಚಪ್ಪಲಿ ಸಮೇತ.

ಬೆಳಗಿನ ಐದಕ್ಕೆ ಟ್ರೇಲರ್ ಬರಿದಾಗಿ ಮರಳಿತು.
ಈ ಸಲ ತಾನಾಗಿಯೇ ಇಳಿದು
ದೂರ ನಿಂತಿದ್ದ, ಕೈಕಟ್ಟಿಕೊಂಡು.
'ಹತ್ತಿ ಕುಂತ್ಕೊಳೋ' ಅಂದೆ ಕಿಟಕಿಯಿಂದ.
'ಯಾಕಕ್ಕ?'
'ಲೆಕ್ಕ.'
ಹತ್ತಿದ. ಖಾಲಿ ಟ್ರೇಲರಿನ ನಟ್ಟನಡುವೆ ಕೂತ,
ತಲೆತುಂಬ ಸೋಗೆಯ ಚೂರು,
ಅಂಕಿ ನಿಲ್ಲುವ ತನಕ
ಉಸಿರು ಬಿಗಿಹಿಡಿದು.